ಗೊರಗೊರ ಸದ್ದಿನಾಚೆಯ ಧಾರವಾಡ

ಕಳೆದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಲಾಫ್ಟಿನ ಮೂಲೆಯಿಂದ ನನ್ನ ಹಳೇ ಟ್ರಾನ್ಸಿಸ್ಟರ್ ಹೊರಬಂತು. ಚರ್ಮದ ಕವಚ ಒಣಗಿ ಬಿರುಕು ಬಿಟ್ಟಿದೆ, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ಮಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಪ್ಪಾ, ಇದರಾಗ ಎಫ್‌ಎಂ ಸುದ್ಧಾ ಇಲ್ಲ. ಭಂಗಾರ್‌ವಾಲಾಗ ಕೊಟ್ಟುಬಿಡೋಣೇನು?" ಅಂದ. ನಾನು ಬೇಡ ಅಂದೆ. ಯಾಕೆ ಅಂತ ಕೇಳಿದ. ಆಗ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಈಗ ಹೇಳುವ ಪ್ರಯತ್ನ ಮಾಡುತ್ತಿದ್ದೇನೆ, ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ.

ನಾನು ಮುಂಬೈಗೆ ಬಂದದ್ದು 1978ರಲ್ಲಿ. ಮಾಟುಂಗಾದಲ್ಲಿ ಒಂದೇ ಕೋಣೆ, ನಾಲ್ವರು ಬಾಡಿಗೆದಾರರು. ಇಬ್ಬರು ದಕ್ಷಿಣ ಕನ್ನಡದವರು, ಒಬ್ಬ ವಿಜಾಪುರದವ, ನಾನು ನವಲಗುಂದ ತಾಲೂಕಿನವ. ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಈ ರೇಡಿಯೋ ನಮ್ಮ ನಾಲ್ವರ ಜಂಟಿ ಆಸ್ತಿ. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಲೈಸೆನ್ಸ್ ಬೇಕಿತ್ತು, ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ಇಂದಿನ ಹುಡುಗರಿಗೆ ಹೇಳಿದರೆ ನಗುತ್ತಾರೆ.

ಹಗಲು ಹೊತ್ತು ಆ ಪೆಟ್ಟಿಗೆಯಲ್ಲಿ ಮುಂಬೈ ಮಾತ್ರ. 558, 1044, ವಿವಿಧ ಭಾರತಿಯ 1188. ಕತ್ತಲಾಯಿತೋ, ಮುಳ್ಳನ್ನು 765ರ ಹತ್ತಿರ ತಂದು ನಿಧಾನಕ್ಕೆ ತಿರುಗಿಸಿದರೆ ಗೊರಗೊರ ಸದ್ದಿನ ಹಿಂದಿನಿಂದ ಧಾರವಾಡ ಎದ್ದು ಬರುತ್ತಿತ್ತು. 612ರಲ್ಲಿ ಬೆಂಗಳೂರು, ಅದೃಷ್ಟವಿದ್ದರೆ. ರೇಡಿಯೋವನ್ನು ಕಿಟಕಿಯ ಕಟ್ಟೆಯ ಮೇಲೆ ಓರೆಯಾಗಿ ಇಡಬೇಕು, ಸ್ವಲ್ಪ ಆಚೆ ಈಚೆ ಆದರೆ ಮಾತು ಮಾಯ. ಪಕ್ಕದಲ್ಲೇ ರೈಲು ಹಳಿ. ಲೋಕಲ್ ಹೋದಾಗಲೆಲ್ಲ ಮೇಲಿನ ತಂತಿಯ ಕಿಡಿಗೆ ರೇಡಿಯೋದಲ್ಲಿ ಚರ್ರ್ ಎಂದು ಅವಲಕ್ಕಿ ಹುರಿದ ಹಾಗೆ ಸದ್ದು. "ಎಂತ ಮಾರಾಯ, ನಿನ್ನ ಧಾರವಾಡದಲ್ಲಿ ದಿನಾ ಮಳೆಯಾ?" ಎಂದು ಶೆಟ್ಟರು ತಮಾಷೆ ಮಾಡುತ್ತಿದ್ದರು. ಮಂಗಳೂರು ಸಿಕ್ಕ ದಿನ ಮಾತ್ರ ಅವರ ಬಾಯಿ ಬಂದ್.

ಇದರ ಗುಟ್ಟು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಮೀಡಿಯಂ ವೇವ್ ಅಲೆ ಹಗಲಿನಲ್ಲಿ ನೆಲಕ್ಕಂಟಿಕೊಂಡು ಹರಿಯುತ್ತದೆ. ಮೇಲಕ್ಕೆ ಹೋದ ಅಲೆಯನ್ನು ವಾತಾವರಣದ ಮೇಲಿರುವ ವಿದ್ಯುತ್ಕಣಗಳ ಕೆಳಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಕೆಳಪದರ ಕರಗುತ್ತದೆ, ಅದರ ಮೇಲಿನ ಪದರ ಅಲೆಯನ್ನು ಕನ್ನಡಿಯಂತೆ ಭೂಮಿಗೆ ವಾಪಸು ಕಳಿಸುತ್ತದೆ. ಹಾಗೆ ಪುಟಿದ ಅಲೆ ನೂರಾರು ಕಿಲೋಮೀಟರ್ ದಾಟುತ್ತದೆ. ರೇಡಿಯೋ ಓರೆ ಇಡುವುದಕ್ಕೂ ಕಾರಣವಿದೆ. ಒಳಗಿನ ಫೆರೈಟ್ ಕಡ್ಡಿಯ ಮಗ್ಗುಲು ಸ್ಟೇಷನ್ ಕಡೆಗಿದ್ದರೆ ಅಲೆ ಚೆನ್ನಾಗಿ ಸಿಗುತ್ತದೆ, ತುದಿ ಆ ಕಡೆಗಾದರೆ ಸದ್ದು ಬಿದ್ದುಹೋಗುತ್ತದೆ. ನಮಗೆ ಶಾಸ್ತ್ರ ಗೊತ್ತಿರಲಿಲ್ಲ, ಕೈಗೆ ಅಭ್ಯಾಸವಾಗಿತ್ತು.

ಅಂದ ಹಾಗೆ, ರೇಡಿಯೋಕ್ಕೂ ನಮ್ಮೀ ಮುಂಬೈಗೂ, ಕನ್ನಡಕ್ಕೂ ನಂಟು ಹಳೆಯದು. ದೇಶದ ಮೊದಲ ವ್ಯವಸ್ಥಿತ ಬಾನುಲಿ ಕೇಂದ್ರವನ್ನು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಶುರುಮಾಡಿದ್ದು ಮುಂಬೈಯಲ್ಲೇ, 1927ರ ಜುಲೈ 23ರಂದು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ ಒಂದೂವರೆ ಕಿಲೋವ್ಯಾಟ್. ಮೂರು ವರ್ಷದಲ್ಲಿ ಕಂಪನಿ ಮುಳುಗಿತು, ಸರ್ಕಾರ ವಹಿಸಿಕೊಂಡಿತು, 1936ರಲ್ಲಿ ಅದು ಆಲ್ ಇಂಡಿಯಾ ರೇಡಿಯೋ ಆಯಿತು. ಅದಕ್ಕೂ ಒಂದು ವರ್ಷ ಮೊದಲೇ, 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣದೊಂದು ಕೇಂದ್ರ ಶುರುಮಾಡಿದ್ದರು. ಆ ಕೇಂದ್ರಕ್ಕಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಆಗಿನ್ನೂ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. 1956ರಲ್ಲಿ ಗಡಿ ಬದಲಾಯಿತು. ಆದರೆ ರಾತ್ರಿಯ ಅಲೆಗೆ ಯಾವ ಗಡಿ, ಯಾವ ಆಯೋಗ!

ಈಗ ಮಗನ ಪ್ರಶ್ನೆಗೆ ಬರುತ್ತೇನೆ.

1980ರ ಜುಲೈ 21, ಸೋಮವಾರ. ಮಲಪ್ರಭಾ ಯೋಜನೆಯ ನೀರಿನ ಸಲುವಾಗಿ ಸರ್ಕಾರ ಹಾಕಿದ ಅಭಿವೃದ್ಧಿ ಕರದ ವಿರುದ್ಧ ನಮ್ಮ ಕಡೆಯ ರೈತರು ಎದ್ದಿದ್ದರು. ಕಾಲುವೆಯ ನೀರು ಎಷ್ಟೋ ಹೊಲ ಮುಟ್ಟಿರಲಿಲ್ಲ, ಕರದ ನೋಟೀಸು ಮಾತ್ರ ಮುಟ್ಟಿತ್ತು. ಆ ದಿನ ನರಗುಂದದಲ್ಲಿ, ನವಲಗುಂದದಲ್ಲಿ ಗೋಳೀಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಮುಂದೆ ಕರ್ನಾಟಕದ ರೈತ ಚಳವಳಿಯ ದಿಕ್ಕನ್ನೇ ಬದಲಿಸಿದ ದಿನ ಅದು. ನನಗೆ ಆ ಸಂಜೆ ಗೊತ್ತಿದ್ದದ್ದು ಇಷ್ಟೇ: ಸೋಮವಾರ ತಾಲೂಕು ಕಚೇರಿಗೆ ಎಲ್ಲರೂ ಹೋಗೋರಿದ್ದೇವೆ ಎಂದು ಅಪ್ಪ ಹಿಂದಿನ ವಾರದ ಕಾಗದದಲ್ಲಿ ಬರೆದಿದ್ದ.

ಆಫೀಸಿನಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು ಏನೋ ಗಲಾಟೆಯಂತೆ ಅಂದರು. ಕೋಣೆಗೆ ಓಡಿ ಬಂದು ರೇಡಿಯೋ ಹಚ್ಚಿದೆ. ಜುಲೈ ತಿಂಗಳು, ಎಲ್ಲೋ ಮಿಂಚುತ್ತಿತ್ತು. ಒಂದೊಂದು ಮಿಂಚಿಗೂ ರೇಡಿಯೋ ಕೆಮ್ಮುತ್ತಿತ್ತು. ಶೆಟ್ಟರು ಬಟ್ಟೆ ಒಣಹಾಕುವ ತಂತಿಯ ಒಂದು ತುದಿಯನ್ನು ರೇಡಿಯೋಕ್ಕೆ ಸುತ್ತಿ, ಇನ್ನೊಂದು ತುದಿ ಹಿಡಿದು ಕಿಟಕಿಯ ಹೊರಗೆ ಕೈ ಚಾಚಿ ನಿಂತರು. ಮಳೆಯಲ್ಲಿ ಅವರ ಅಂಗಿ ತೋಯ್ದು ತೊಪ್ಪೆ. ಕನ್ನಡ ವಾರ್ತೆ ಬಂತು. ಅಲೆ ಏರುತ್ತಿತ್ತು, ಇಳಿಯುತ್ತಿತ್ತು. ನರಗುಂದ ಅಂತ ಕೇಳಿಸಿತು. ನವಲಗುಂದ ಅಂತ ಕೇಳಿಸಿತು. ಗೋಳೀಬಾರ್ ಅಂತ ಕೇಳಿಸಿತು. ಮುಂದಿನದು ಬಾವಿಗೆ ಬಿದ್ದ ಹಾಗೆ ಇಳಿದುಹೋಯಿತು. ಮತ್ತೆ ಎದ್ದು ಬರುವಷ್ಟರಲ್ಲಿ ಬೇರೆ ಸುದ್ದಿ.

ಊರಲ್ಲಿ ಫೋನಿಲ್ಲ. ಮರುದಿನ ತಂತಿ ಕಳಿಸಿದೆ, ಉತ್ತರವಿಲ್ಲ. ಎಂಟನೇ ದಿನಕ್ಕೆ ಕಾಗದ ಬಂತು, ಅಪ್ಪನದೇ ಅಕ್ಷರ. ನಾನಾಗ ಓದಿದ್ದಕ್ಕಿಂತ ಅತ್ತದ್ದೇ ಹೆಚ್ಚು. ಗಲಾಟೆ ಹತ್ತಿದ ಮೇಲೆ ಹೊಲದ ಬದುವಿನ ಮೇಲೆ ಹಾಯ್ದು ನಡುರಾತ್ರಿ ಮನೆ ಮುಟ್ಟಿದನಂತೆ. ಕೊನೆಗೆ ಒಂದು ಸಾಲು: "ನಿಮ್ಮವ್ವ ನಾ ಬರೋತನಕ ಗೌಡರ ಕಟ್ಟೀಮ್ಯಾಲೆ ರೇಡಿಯೋದ ಮುಂದ ಕುಂತಿದ್ಲು."

ಅಂದರೆ ಆ ರಾತ್ರಿ ಅವ್ವ ಅಲ್ಲಿ, ನಾನು ಇಲ್ಲಿ, ನಡುವೆ ನಾಲ್ಕೂವರೆ ನೂರು ಕಿಲೋಮೀಟರ್, ಇಬ್ಬರೂ ಒಂದೇ ಅಲೆಗೆ ಕಿವಿ ಕೊಟ್ಟು ಒಬ್ಬನಿಗಾಗಿಯೇ ಕಾಯುತ್ತಿದ್ದೆವು. ಅವಳಿಗೆ ಸ್ವಚ್ಛ ಕೇಳಿಸಿತ್ತು, ನನಗೆ ಅರ್ಧ. ಅಷ್ಟೇ ವ್ಯತ್ಯಾಸ.

ಇನ್ನು ಎಫ್‌ಎಂ ಕಥೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದನ್ನು ಎಂಜಿನಿಯರುಗಳ ಮುಂದೆ ನುಡಿಸಿ ತೋರಿಸಿದ್ದು 1935ರಲ್ಲಿ, ಮೈಸೂರಿನ ಆಕಾಶವಾಣಿ ಹುಟ್ಟಿದ ವರ್ಷವೇ. ಮೀಡಿಯಂ ವೇವಿನಲ್ಲಿ ಅಲೆಯ ಎತ್ತರ ಹೆಚ್ಚು ಕಡಿಮೆಯಾಗುತ್ತ ಮಾತನ್ನು ಹೊರುತ್ತದೆ. ಮಿಂಚು, ಮೋಟಾರು, ಟ್ಯೂಬ್‌ಲೈಟು ಎಲ್ಲವೂ ಆ ಎತ್ತರವನ್ನೇ ಕೆಡಿಸುತ್ತವೆ. ಎಫ್‌ಎಂನಲ್ಲಿ ಮಾತು ಇರುವುದು ಅಲೆಯ ಕಂಪನದ ವೇಗದಲ್ಲಿ. ಎತ್ತರ ಕೆಟ್ಟರೆ ರೇಡಿಯೋ ಅದನ್ನು ಕತ್ತರಿಸಿ ಎಸೆಯುತ್ತದೆ, ಗೊರಗೊರ ಇಲ್ಲ. ಆದರೆ ಅದರ ಅಲೆ ಮೂರು ಮೀಟರಿನದು, ಧಾರವಾಡದ್ದು ಸುಮಾರು 392 ಮೀಟರಿನದು. ಗಿಡ್ಡ ಅಲೆ ಆಕಾಶದ ಕನ್ನಡಿಗೆ ಸಿಗದೆ ದಾಟಿ ಹೊರಟುಹೋಗುತ್ತದೆ. ಗೋಪುರದ ಕಣ್ಣಿಗೆ ಕಾಣುವಷ್ಟು ದೂರ, ದೊಡ್ಡ ಟ್ರಾನ್ಸ್‌ಮಿಟರ್ ಆದರೂ ಅರವತ್ತು ಎಪ್ಪತ್ತು ಕಿಲೋಮೀಟರ್, ಅಷ್ಟೇ ಅದರ ರಾಜ್ಯ. ಫಾಸ್ಟ್ ಲೋಕಲ್‌ಗಳು ಪಾರ್ಸಿಕ್ ಸುರಂಗದಲ್ಲಿ ಹಾಯುತ್ತಿದ್ದ ಕಾಲದಲ್ಲಿ ಡೊಂಬಿವಲಿಯ ನಮಗೆ ಇದು ದಿನದ ಅನುಭವವಾಗಿತ್ತು: ಗಾಡಿ ಸುರಂಗ ಹೊಕ್ಕಿತೋ, ಕಿವಿಯಲ್ಲಿನ ಹಾಡು ಸತ್ತಂತೆ.

ನಮ್ಮ ದೇಶದಲ್ಲಿ ಎಫ್‌ಎಂ ಶುರುವಾದದ್ದು ಮದ್ರಾಸಿನಲ್ಲಿ, 1977ರ ಜುಲೈ 23ರಂದು, ಮುಂಬೈ ಕೇಂದ್ರಕ್ಕೆ ಐವತ್ತು ತುಂಬಿದ ದಿನ. ಬಹಳ ವರ್ಷ ಯಾರೂ ಕಿವಿ ಕೊಡಲಿಲ್ಲ, ಕೊಂಡ ರೇಡಿಯೋಗಳಲ್ಲಿ ಆ ಪಟ್ಟಿಯೇ ಇರಲಿಲ್ಲ. 1993ರಲ್ಲಿ ಆಕಾಶವಾಣಿ ತನ್ನ ಎಫ್‌ಎಂ ಸಮಯವನ್ನು ಖಾಸಗಿಯವರಿಗೆ ಮಾರಲಿಕ್ಕೆ ಹತ್ತಿತು, ಮುಂಬೈ ಹುಡುಗರು ಹುಚ್ಚಾದರು. 1995ರಲ್ಲಿ ಸುಪ್ರೀಂ ಕೋರ್ಟ್ ಅಲೆಗಳು ಸಾರ್ವಜನಿಕ ಆಸ್ತಿ ಎಂದಿತು. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೋ ಸಿಟಿ ಬೆಂಗಳೂರಿನಲ್ಲಿ ಶುರುವಾಯಿತು. ಅದೇ ವರ್ಷ ಬಂದ ಎಫ್‌ಎಂ ಗೋಲ್ಡ್ ಮೂಲಕ ಆಕಾಶವಾಣಿಯ ಸುದ್ದಿಯೂ ಎಫ್‌ಎಂ ಹತ್ತಿತು. ಖಾಸಗಿಯವರಿಗೆ ಮಾತ್ರ ಸ್ವಂತ ಸುದ್ದಿ ನಿಷಿದ್ಧ. 2011ರ ನೀತಿ ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಲು ಬಿಟ್ಟಿತು. ಅದು ಜಾರಿಗೆ ಬಂದದ್ದು 2019ರ ಜನವರಿಯಲ್ಲಿ.

ಅಮೆರಿಕದಲ್ಲೂ ಹೀಗೇ ಸುದ್ದಿ ಎಫ್‌ಎಂಗೆ ಜಿಗಿಯಿತು, ಆದರೆ ಅಲ್ಲಿ ಜಿಗಿದವರು ವ್ಯಾಪಾರಿಗಳು. ವಾಷಿಂಗ್ಟನ್ನಿನ ಡಬ್ಲ್ಯುಟಿಒಪಿ 2006ರಲ್ಲಿ 1500ನ್ನು ಬಿಟ್ಟು 103.5ಕ್ಕೆ ಹೋಯಿತು. ನ್ಯೂಯಾರ್ಕಿನ 1010 ವಿನ್ಸ್ 2022ರಲ್ಲಿ 92.3ರಲ್ಲೂ ಬರತೊಡಗಿತು. ಅದೇ ಊರಿನ ಡಬ್ಲ್ಯುಸಿಬಿಎಸ್ 880 ಮಾತ್ರ 2024ರ ಆಗಸ್ಟಿನಲ್ಲಿ ಸುದ್ದಿಯನ್ನೇ ನಿಲ್ಲಿಸಿತು. ರಾತ್ರಿ ಎಷ್ಟೋ ರಾಜ್ಯ ದಾಟಿ ಕೇಳಿಸುತ್ತಿದ್ದ ದನಿ ಅದು.

ಎಫ್‌ಎಂ ಬೈಯಲಿಕ್ಕೆ ಇಷ್ಟೆಲ್ಲ ಬರೆದೆ ಅಂದುಕೊಳ್ಳಬೇಡಿ. 2005ರ ಜುಲೈ 26 ಮುಂಬೈಯಲ್ಲಿದ್ದ ಯಾರಿಗೂ ಮರೆಯುವ ದಿನವಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ರೈಲಿಲ್ಲ, ಕರೆಂಟಿಲ್ಲ, ಮೊಬೈಲು ಮೂಕ. ನಾನು ಮಾಟುಂಗಾದ ಪರಿಚಯದ ಹೋಟೆಲಿನ ಮಹಡಿಯಲ್ಲಿ ರಾತ್ರಿ ಕಳೆದೆ. ಕಿಂಗ್ಸ್ ಸರ್ಕಲ್ ಕೆರೆಯಾಗಿತ್ತು. ಗಲ್ಲೆಯ ಹುಡುಗನ ಬಳಿ ಅಂಗೈಯಗಲದ ಎಫ್‌ಎಂ ರೇಡಿಯೋ. ಯಾವ ರಸ್ತೆ ಮುಳುಗಿದೆ, ಯಾವ ಲೈನ್ ಬಂದ್, ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಅದು ರಾತ್ರಿಯಿಡೀ ಹೇಳುತ್ತಿತ್ತು. ಒಂದಕ್ಷರವೂ ಗೊರಗೊರ ಇಲ್ಲ. ಮನೆಯಲ್ಲಿ ಹೆಂಡತಿ ಬ್ಯಾಟರಿ ಸೆಟ್ಟಿನಲ್ಲಿ ಅದನ್ನೇ ಕೇಳುತ್ತ ಕುಳಿತಿದ್ದಳೆಂದು ಮರುದಿನ ತಿಳಿಯಿತು. ಇಪ್ಪತ್ತೈದು ವರ್ಷದ ಹಿಂದೆ ಅವ್ವ ಕುಳಿತ ಹಾಗೇ. ಆ ರಾತ್ರಿ ನನಗೆ ಧಾರವಾಡ ಬೇಕಿರಲಿಲ್ಲ, ಡೊಂಬಿವಲಿ ಬೇಕಿತ್ತು. ಅದನ್ನು ಕೊಟ್ಟದ್ದು ಎಫ್‌ಎಂ.

ಹಾಗಾಗಿ ನನ್ನ ಲೆಕ್ಕ ಇಷ್ಟು: ಎಫ್‌ಎಂ ಇರುವ ಊರಿನದು, ಮೀಡಿಯಂ ವೇವ್ ಬಿಟ್ಟು ಬಂದ ಊರಿನದು. 2023ರ ಏಪ್ರಿಲ್ 28ರಂದು ಒಂದೇ ದಿನ 91 ಹೊಸ ಎಫ್‌ಎಂ ಟ್ರಾನ್ಸ್‌ಮಿಟರುಗಳು ಉದ್ಘಾಟನೆಯಾದವು, ಒಂದೊಂದೂ 100 ವ್ಯಾಟಿನದು. ಸಣ್ಣ ಊರುಗಳಿಗೆ ಒಳ್ಳೆಯದೇ. ಆದರೆ ಹೀಗೆ ಹಂಚಿದ ಸಣ್ಣ ಸಣ್ಣ ವೃತ್ತಗಳ ಒಳಗಿದ್ದವನಿಗೆ ಮಾತ್ರ ಪಾಲು. ಮುಂಬೈಯ ಎಫ್‌ಎಂ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಹಿಂದಿ ಸಿಗುತ್ತದೆ, ಮರಾಠಿ ಸಿಗುತ್ತದೆ, ಇಂಗ್ಲಿಷ್ ಸಿಗುತ್ತದೆ. ಲಕ್ಷಗಟ್ಟಲೆ ಕನ್ನಡಿಗರಿರುವ ಊರಿನಲ್ಲಿ ನಮಗೆ ಕನ್ನಡ ಕೊಡುತ್ತಿದ್ದದ್ದು ಯಾರೂ ನಮಗಾಗಿ ಕಳಿಸದ, ತಾನಾಗಿ ಗಡಿ ಹಾರಿ ಬರುತ್ತಿದ್ದ ರಾತ್ರಿಯ ಅಲೆ.

ಈಗ ಮೊಬೈಲಿನಲ್ಲಿ ಧಾರವಾಡ ಹಾಲಿನಷ್ಟು ಸ್ವಚ್ಛ ಕೇಳುತ್ತದೆ, ನಡು ಮಧ್ಯಾಹ್ನವೂ. ಖುಷಿಯೇ. ಆದರೆ ನೆಟ್‌ವರ್ಕ್ ಹೋದ ರಾತ್ರಿ ಅದೂ ಹೋಗುತ್ತದೆ.

ಮೊನ್ನೆ ಈ ರೇಡಿಯೋಕ್ಕೆ ಹೊಸ ಸೆಲ್ ಹಾಕಿದೆ. ಎಲ್‌ಇಡಿ ಬಲ್ಬು, ಚಾರ್ಜರು, ಮಗನ ಕಂಪ್ಯೂಟರು ಎಲ್ಲ ಸೇರಿ ಮೊದಲಿಗಿಂತ ಹತ್ತು ಪಟ್ಟು ಗದ್ದಲ. ಎಲ್ಲ ಆರಿಸಿ, ಗ್ಯಾಲರಿಗೆ ಒಯ್ದು, ಓರೆಯಾಗಿ ಇಟ್ಟೆ. ತುಂಬಾ ಹೊತ್ತಿನ ಮೇಲೆ ಆಳದಲ್ಲೊಂದು ಹೆಂಗಸಿನ ದನಿ, ಕನ್ನಡದ್ದೇ, ಎದ್ದು ಮತ್ತೆ ಮುಳುಗಿತು. ಮಗ ಪಕ್ಕಕ್ಕೆ ಬಂದು ನಿಂತಿದ್ದ. "ಏನಂದ್ಲು?" ಅಂದ.

"ಗೊತ್ತಾಗಲಿಲ್ಲ," ಅಂದೆ. "ತಡಿ, ಇನ್ನೊಮ್ಮೆ ಬರ್ತದ."

ಅವನು ಕುರ್ಚಿ ಎಳೆದುಕೊಂಡು ಕುಳಿತ. ಭಂಗಾರ್‌ವಾಲಾನ ಮಾತು ಮತ್ತೆ ಎತ್ತಲಿಲ್ಲ.