ಸೊಪ್ಪಿನ ಬೇಲಿ ಮತ್ತು ಕುದುರೆಯ ನೆಗೆತ



ತಾಂಡ್ಯದ ಸಮೀಪ ತೋಟ ಮಾಡಿಕೊಂಡು ಎರಡು ಕುದುರೆಗಳನ್ನು ಸಾಕಿರುವ ನನ್ನ ಹಳೆಯ ಶಿಷ್ಯನೊಬ್ಬ ಈಚೆಗೆ ಕೇಳಿದ: "ಮೇಷ್ಟ್ರೇ, ಮಗಳು ಕುದುರೆ ನೆಗೆಸುವುದನ್ನು ಕಲಿಯುತ್ತಿದ್ದಾಳೆ. ಸೊಪ್ಪಿನ ಬೇಲಿ ಕಟ್ಟಬೇಕು. ಪುಸ್ತಕದಲ್ಲಿ ಬರ್ಚ್ ಕಡ್ಡಿ ಎಂದಿದೆ. ನಮ್ಮಲ್ಲಿ ಏನು ಸಿಕ್ಕೀತು?" ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ ಎಂದು ನನಗೆ ತೋರಿತು.

1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಸವಾರರು ಬಟಿವೆಂಟ್ ಊರಿನ ಚರ್ಚಿನಿಂದ ಡೋನರೈಲ್ ಊರಿನ ಚರ್ಚಿನವರೆಗೆ, ಸುಮಾರು ನಾಲ್ಕೂವರೆ ಮೈಲಿ, ಪಂದ್ಯ ಕಟ್ಟಿ ಓಡಿದರೆಂದು ಹೇಳುತ್ತಾರೆ. ಚರ್ಚಿನ ಗೋಪುರವೇ ಗುರಿ. ನಡುವೆ ಬಂದ ಬೇಲಿ, ಹಳ್ಳ, ಗೋಡೆಗಳನ್ನೆಲ್ಲ ಹಾರಬೇಕು. 'ಸ್ಟೀಪಲ್‌ಚೇಸ್' ಎಂಬ ಹೆಸರು ಬಂದದ್ದು ಹೀಗೆ. ಮುಂದೆ ಪಂದ್ಯಗಳು ಮೈದಾನಕ್ಕೆ ಬಂದಾಗ ಹೊಲದ ಬೇಲಿಯೂ ಜೊತೆಯಲ್ಲೇ ಬಂದಿತು. ಆ ನಾಡಿನಲ್ಲಿ ಸುಲಭವಾಗಿ ದೊರೆಯುತ್ತಿದ್ದ, ಬಾಗಿದರೂ ಮುರಿಯದ ಬರ್ಚ್ ಕಡ್ಡಿಗಳನ್ನು ಕಂತೆ ಕಟ್ಟಿ ನಿಲ್ಲಿಸಿದರು. ನಾವು ತರಗತಿಯಲ್ಲಿ ಓದಿದ ಭೂರ್ಜಪತ್ರದ ಮರ ಇದರ ಹಿಮಾಲಯದ ದಾಯಾದಿ. ಎಂದಮೇಲೆ ಬರ್ಚ್ ಶಾಸ್ತ್ರವಿಧಿಯಲ್ಲ, ಆ ಊರಿನ ಬೇಲಿ ಅಷ್ಟೆ.

ಕುದುರೆ ನಮ್ಮ ಸೀಮೆಗೂ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದವರು ಮೈಸೂರು ಲ್ಯಾನ್ಸರ್ಸ್ ಸವಾರರು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. ಆ ದಳವು 1953ರಲ್ಲಿ ರಚನೆಯಾದ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಮೈಸೂರಿನ ಅಶ್ವಾರೋಹಿ ಪೊಲೀಸರನ್ನು ದಸರೆಯಲ್ಲಿ ನೀವೆಲ್ಲ ನೋಡಿಯೇ ಇದ್ದೀರಿ.

ಹಾಗಾದರೆ ನಮ್ಮ ಬೇಲಿಯಲ್ಲಿ ಏನಿತ್ತು? ಕತ್ತಾಳೆ, ಕಳ್ಳಿ, ಲಕ್ಕಿ, ಬಂದರಿಕೆ, ಲಾಂಟಾನಾ, ಕಣಗಿಲೆ. ಇವೆಲ್ಲವೂ ಆಗುವುದಿಲ್ಲ. ಕತ್ತಾಳೆಯ ಮುಳ್ಳು ಕಾಲಿಗೆ ಚುಚ್ಚುತ್ತದೆ. ಕಳ್ಳಿಯ ಹಾಲು ಕಣ್ಣಿಗೆ ಅಪಾಯ. ಲಾಂಟಾನಾ ಸೊಪ್ಪು ಜಾನುವಾರುಗಳಿಗೆ ವಿಷ. ಕಣಗಿಲೆಯನ್ನಂತೂ ಕುದುರೆಯ ಹತ್ತಿರ ತರಲೇಬಾರದು: ಕೆಲವೇ ಎಲೆಗಳು ಅದರ ಪ್ರಾಣ ತೆಗೆಯಬಲ್ಲವು, ಒಣಗಿದರೂ ವಿಷ ಹೋಗದು. ಉಳಿದವುಗಳಲ್ಲಿ ಬಂದರಿಕೆಗೆ ಮುಳ್ಳಿಲ್ಲ, ಕಡ್ಡಿ ಬಳಕುತ್ತದೆ. ಇನ್ನೊಂದು, ಬೇಲಿಯ ಗಿಡವಲ್ಲದಿದ್ದರೂ, ಸರ್ವೆ. ಕಂಬಕ್ಕೆಂದು ಮರ ಕಡಿದ ಮೇಲೆ ಉಳಿಯುವ ಅದರ ತುದಿಗಳು ನೋಟದಲ್ಲೂ ಗುಣದಲ್ಲೂ ಬರ್ಚ್ ಕಡ್ಡಿಗೆ ಸಮೀಪ.

ಕಟ್ಟುವ ಕ್ರಮ ಸರಳ. ಮೊಣಕಾಲೆತ್ತರದ ಮರದ ಚೌಕಟ್ಟಿನಲ್ಲಿ ಕಂತೆಗಳನ್ನು ನೆಟ್ಟಗೆ, ಒತ್ತಾಗಿ ತುಂಬಿ, ಮೇಲೆ ಒಂದಡಿ ಸೊಪ್ಪನ್ನು ಬಿಡಿಯಾಗಿ ಬಿಟ್ಟು, ತುದಿಯನ್ನು ಸಮನಾಗಿ ಸವರಬೇಕು. ಕುದುರೆಯ ಕಾಲು ತಾಗಿದರೆ ಸೊಪ್ಪು ಬಾಗಬೇಕು. ಬಾಗದ ಬೇಲಿಗೆ ಕಾಲು ಸಿಕ್ಕಿದರೆ ಕುದುರೆಯೂ ಮಗುವೂ ಒಟ್ಟಿಗೆ ಬೀಳುತ್ತಾರೆ. ಒಣಗಿದ ಕಡ್ಡಿ ಮುರಿದು ಈಟಿಯಂತೆ ಚುಚ್ಚುತ್ತದೆ. ಆದ್ದರಿಂದ ಆಗಾಗ ಹೊಸ ಸೊಪ್ಪು ತುಂಬಬೇಕು. ಕಟ್ಟಲು ತಂತಿ ಬೇಡ, ಹಗ್ಗ ಸಾಕು.

ಕಷ್ಟವಿರುವುದು ಕಟ್ಟುವುದರಲ್ಲಲ್ಲ, ಹುಡುಕುವುದರಲ್ಲಿ. 1874ರಲ್ಲಿ ಅಮೆರಿಕದ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಆ ತಂತಿ ಲೋಕವನ್ನೆಲ್ಲ ಸುತ್ತಿ ನಂಜನಗೂಡು, ತಿರುಮಕೂಡಲು ನರಸೀಪುರಗಳ ಹೊಲಗಳಿಗೂ ಬಂದಿತು. ತಾಂಡ್ಯದಲ್ಲಿ ಕೈಗಾರಿಕಾ ಪ್ರದೇಶ ಬಂದು ಕಾಂಪೌಂಡ್ ಗೋಡೆಗಳೂ ಎದ್ದವು. ಜೀವಂತ ಬೇಲಿ ಹೋದಲ್ಲಿ ಅದರಲ್ಲಿದ್ದ ಹಕ್ಕಿಗೂಡು, ಔಷಧಿಯ ಲಕ್ಕಿಸೊಪ್ಪು, ಸೌದೆ ಎಲ್ಲವೂ ಹೋದವು. ಯಾವ ಗಿಡ ಏನಕ್ಕಾಗುತ್ತದೆ ಎಂಬ ತಿಳಿವಳಿಕೆಯೂ ಸವೆಯುತ್ತಿದೆ. ಇಂಗ್ಲಿಷ್ ಪುಸ್ತಕದ ಬರ್ಚ್ ನಮಗೆ ಗೊತ್ತು, ಹಿತ್ತಲಿನ ಬಂದರಿಕೆ ಗೊತ್ತಿಲ್ಲ.

ಆದ್ದರಿಂದ ಶಿಷ್ಯನಿಗೆ ನಾನು ಹೇಳಿದ್ದಿಷ್ಟು: ಈ ವರ್ಷಕ್ಕೆ ಸರ್ವೆ ತೋಪಿನವರಿಂದ ತುದಿಗಳನ್ನು ಕೊಂಡುಕೋ. ಮುಂಗಾರು ಬಿದ್ದೊಡನೆ ತೋಟದ ಅಂಚಿನುದ್ದಕ್ಕೂ ಬಂದರಿಕೆ ಬಿತ್ತು. ಮಗಳು ದೊಡ್ಡ ಬೇಲಿ ಹಾರುವ ಹೊತ್ತಿಗೆ ಸೊಪ್ಪು ನಿಮ್ಮದೇ ಆಗಿರುತ್ತದೆ.