ಮಾಸ್ತರರ ರವಿವಾರ



ಕೆಲ ದಿನಗಳ ಹಿಂದೆ ನಮ್ಮ ನಾಲತವಾಡದ ಆಚೆ ಒಂದು ಹಳ್ಳಿಯಲ್ಲಿ ಕಾಲೇಜೊಂದರ ಎನ್ನೆಸ್ಸೆಸ್ ಕ್ಯಾಂಪ್ ಆಯ್ತು. ಏಳು ದಿನ. ಉಪನ್ಯಾಸಕರು, ಹುಡುಗರು ಸೇರಿ ಗುಡಿ ಮುಂದಿನ ಕಸ ಬಳಿದ್ರು, ಸಸಿ ಹಚ್ಚಿದ್ರು, ಬ್ಯಾನರ್ ಹಿಡ್ಕೊಂಡು ಫೋಟೋ ತೆಗೆಸಿಕೊಂಡ್ರು. ಕೇರಿ ಕಡೆ ಯಾರೂ ಹಣಿಕಿ ಹಾಕಲಿಲ್ಲ. ಯಾಕ್ರೀ ಸರ್ ಅಂದ್ರೆ, 'ಅದು ಪ್ಲ್ಯಾನ್‌ನಾಗ ಇರಲಿಲ್ರಿ' ಅಂದ್ರು. ಬೈಯಲಿಕ್ಕೆ ಇದನ್ನ ಬರೀತಿಲ್ಲ. ಆ ಮಾತು ಕೇಳಿದಾಗಿಂದ ನನಗೆ ಬೇರೆ ಒಂದು ಚರಿತ್ರೆ ನೆನಪಾಗ್ತಿದೆ.

ವಿಶ್ವವಿದ್ಯಾಲಯದವರು ಸಮಾಜಕ್ಕೆ ಇಳಿದು ಕೆಲಸ ಮಾಡಬೇಕು ಅಂತ ಸರ್ಕಾರ ಎನ್ನೆಸ್ಸೆಸ್ ಶುರು ಮಾಡಿದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ. ಈಗ ಉನ್ನತ ಭಾರತ ಅಭಿಯಾನ ಅಂತ ಬಂದು ಕಾಲೇಜುಗಳು ಹಳ್ಳಿ 'ದತ್ತು' ತಗೋತಾವೆ. (ಅಪ್ಪ ಅವ್ವ ಇಲ್ಲದ ಕೂಸೇನ್ರಿ ಹಳ್ಳಿ ಅಂದ್ರೆ?) ಆದರೆ ನಮ್ಮ ಮಾಸ್ತರರು ಯಾವ ಸ್ಕೀಮೂ ಇಲ್ಲದ ಕಾಲಕ್ಕೇ ಈ ಕೆಲಸ ಮಾಡಿದ್ದರು.

ಮೊದಲನೆಯವರು ಬಾಬಾಸಾಹೇಬರೇ. 1918ರ ನವೆಂಬರಿನಲ್ಲಿ ಮುಂಬೈಯ ಸಿಡನ್‌ಹ್ಯಾಂ ಕಾಲೇಜಿಗೆ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿ ಸೇರಿದ್ರು. ಸರ್ಕಾರಿ ಕಾಲೇಜು, ತಿಂಗಳಿಗೆ 450 ರೂಪಾಯಿ ಸಂಬಳ. ಆಗ ನಮ್ಮ ಬಿಜಾಪುರ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು ಅನ್ನೋದು ನೆನಪಿರಲಿ. 1919ರ ಜನವರಿಯಲ್ಲಿ ಸೌತ್‌ಬರೋ ಸಮಿತಿ ಮುಂದೆ ಹೋಗಿ ಅಸ್ಪೃಶ್ಯರ ಮತದಾನದ ಹಕ್ಕಿನ ಬಗ್ಗೆ ಸಾಕ್ಷಿ ನುಡಿದರು. 1920ರ ಜನವರಿ 31ಕ್ಕೆ 'ಮೂಕನಾಯಕ' ಪತ್ರಿಕೆ ಹೊರಬಂತು. ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಪತ್ರಿಕೆ ಬಾಬಾಸಾಹೇಬರದ್ದು, ಬರಹ ಅವರದ್ದು. ಆದರೆ ಸಂಪಾದಕ ಅಂತ ಹೆಸರಿದ್ದದ್ದು ಪಾಂಡುರಂಗ ನಂದರಾಮ ಭಟಕರ್ ಅವರದ್ದು. ಯಾಕಂದ್ರೆ ಬಾಬಾಸಾಹೇಬರು ಸರ್ಕಾರಿ ನೌಕರ!

ನಾನು ಆಫೀಸಿನಲ್ಲಿ ಫೈಲು ಕಟ್ಟೋ ಕ್ಲರ್ಕು. ಈ ಒಂದು ಸಂಗತಿ ನನಗೆ ತಟ್ಟಿದಷ್ಟು ಬೇರೆ ಯಾವುದೂ ತಟ್ಟಿಲ್ಲ. ನಮ್ಮಲ್ಲಿ ನಡತೆ ನಿಯಮ ಅಂತ ಇದಾವೆ. ಮೊದಲು 1966ರವು, ಈಗ 2021ರವು. ಒಂದು ಪೋಸ್ಟ್ ಹಾಕಬೇಕಾದ್ರೂ ನಾಲ್ಕು ಸಲ ಓದಿ ಹಾಕ್ತೀವಿ. ಅಂಥ ಭಯ ಬಾಬಾಸಾಹೇಬರಿಗೆ ಇತ್ತೋ ಇಲ್ಲವೋ, ನಿಯಮ ಮಾತ್ರ ಇತ್ತು. ಅವರು ದಾರಿ ಹುಡುಕಿದರು. ಆ ವರ್ಷ ಮಾರ್ಚಿನಲ್ಲಿ ನೌಕರಿ ಬಿಟ್ಟು, ಮಾಣಗಾಂವ ಪರಿಷತ್ತಿನ ಅಧ್ಯಕ್ಷತೆ ವಹಿಸಿ, ಮುಂದೆ ಓದಲಿಕ್ಕೆ ಲಂಡನ್ನಿಗೆ ಹೋದರು. 1935ರ ಜೂನಿನಲ್ಲಿ ಮುಂಬೈ ಸರ್ಕಾರಿ ಕಾನೂನು ಕಾಲೇಜಿನ ಪ್ರಿನ್ಸಿಪಾಲ್ ಆದರು. ನಾಲ್ಕೇ ತಿಂಗಳಿಗೆ, ಅಕ್ಟೋಬರ್ 13ರಂದು, ಹಿಂದೂವಾಗಿ ಸಾಯೋದಿಲ್ಲ ಅಂತ ಯೇವಲಾದಲ್ಲಿ ಘೋಷಿಸಿದರು. ಪ್ರಿನ್ಸಿಪಾಲ್ ಕುರ್ಚಿಯಲ್ಲಿ ಇದ್ದುಕೊಂಡೇ!

ನಮ್ಮ ಕರ್ನಾಟಕಕ್ಕೆ ಬಂದ್ರೆ ಪ್ರೊ. ಬಿ. ಕೃಷ್ಣಪ್ಪ. 1938ರಲ್ಲಿ ಹರಿಹರದಲ್ಲಿ ಹುಟ್ಟಿ, ಭದ್ರಾವತಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದವರು. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ದಲಿತ ಹುಡುಗರ ಮೇಲೆ ಹಲ್ಲೆ ಆದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯ್ತು. ಕನ್ನಡ ಪಾಠ ಹೇಳೋ ಮನುಷ್ಯ ಆ ಹೊತ್ತಿನಲ್ಲಿ ಬಸವಲಿಂಗಪ್ಪನವರ ಕಡೆ ನಿಲ್ಲೋದು ಸಣ್ಣ ಮಾತಲ್ಲ. ಆ ಬಿಸಿಯಲ್ಲೇ ಭದ್ರಾವತಿಯಿಂದ ದಲಿತ ಸಂಘರ್ಷ ಸಮಿತಿ ಎದ್ದು ಬಂತು. ಮೈಸೂರಿನಲ್ಲಿ ದೇವನೂರ ಮಹಾದೇವ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿದ್ದಲಿಂಗಯ್ಯ. ಓದು ಬರಹದ ಜೊತೆಗೆ ಕೇರಿಯ ನಂಟು ಬಿಡದವರು ಇವರು.

ಕಾಲೇಜು ಮುಗಿಸಿ ಬಸ್ಸು ಹತ್ತಿ ಹಳ್ಳಿಗೆ ಹೋಗೋದು, ಲಾಟೀನು ಬೆಳಕಿನಲ್ಲಿ ಮೀಟಿಂಗ್ ಮಾಡೋದು, ಯಾರದೋ ಮನೆಯಲ್ಲಿ ರೊಟ್ಟಿ ತಿಂದು ಬೆಳಿಗ್ಗೆ ಮತ್ತೆ ಕ್ಲಾಸಿಗೆ ಬರೋದು. ನಮ್ಮ ಹಿರಿಯ ಕಾರ್ಯಕರ್ತರು ಆ ಕಾಲದ ಸಂಘಟನೆ ಬಗ್ಗೆ ಮಾತಾಡಿದಾಗೆಲ್ಲ ಇದನ್ನೇ ಹೇಳ್ತಾರೆ. ಇದಕ್ಕೆ ಸರ್ಟಿಫಿಕೇಟ್ ಇಲ್ಲ, ಟಿಎ ಡಿಎ ಇಲ್ಲ. 1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲಿಕ್ಕೆ ಹೋದ ಕಾರ್ಯಕರ್ತರನ್ನ ಹೊಡೆದು, ಅವರನ್ನೇ ಬೆತ್ತಲೆ ಮಾಡಿದರು. ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಗೆ ನಿಷೇಧ ಹಾಕಿತು. ಯಾವ ಕ್ಯಾಂಪಿನ ರಿಪೋರ್ಟಿನಲ್ಲಿ ಹಿಡಿಸ್ತದ್ರಿ ಇದು?

ಕೃಷ್ಣಪ್ಪನವರು 1997ರ ಏಪ್ರಿಲ್ 30ರಂದು ಗದಗಿನಲ್ಲಿ ತೀರಿಕೊಂಡರು.

ಸಂಘಟನೆ ಆಮೇಲೆ ಹೋಳಾಗಿದ್ದು ನಿಮಗೆ ಗೊತ್ತೇ ಇದೆ, ಅದು ಬೇರೆ ಕಥೆ. ಈಗ ಹೇಳಬೇಕಾದ್ದು ಇಷ್ಟು. ನಮ್ಮ ಕೇರಿಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪ್ರತಿ ರವಿವಾರ ಮುಂಜಾನೆ ಒಬ್ಬ ಮಾಸ್ತರರು ಗಣಿತ, ಇಂಗ್ಲಿಷ್ ಹೇಳಿಕೊಡ್ತಾರೆ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು, ಸಂಬಳ ತಿಂಗಳ ತಿಂಗಳ ಬರೋದಿಲ್ಲ. ಬೋರ್ಡು, ಚಾಪೆ ನಮ್ಮದು, ಸೀಮೆಸುಣ್ಣ ಅವರೇ ತರ್ತಾರೆ. ಅವರ ಬಗ್ಗೆ ಬರೀತೀನ್ರಿ ಸರ್ ಅಂದೆ. 'ಬರೀರಿ ಅಣ್ಣಾ, ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ' ಅಂದ್ರು.

ಹಾಕಿಲ್ಲ.