ಸರ್ಪಗಂಧದಿಂದ ಡೋಪಮೈನ್‌ವರೆಗೆ: ನಡುಗುವ ಕೈಗಳ ಚರಿತ್ರೆ

ಮೊದಮೊದಲು ಮನೆಯವರು ಅದನ್ನು ತಸ್ಬೀಹ್ ಎಂದೇ ಭಾವಿಸುತ್ತಾರೆ. ಮಗ್ರಿಬ್ ನಮಾಝಿನ ಬಳಿಕ ಗೋಡೆಗೊರಗಿ ಕುಳಿತ ಹಿರಿಯರ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಸರಿದಾಡುತ್ತಿರುತ್ತದೆ, ಕಾಣದ ಮಣಿಗಳನ್ನು ಎಣಿಸುತ್ತಿರುವಂತೆ. ಕೆಲವು ತಿಂಗಳು ಕಳೆದ ಮೇಲೆ ಆ ಬೆರಳುಗಳು ಕೈ ತೊಡೆಯ ಮೇಲೆ ಸುಮ್ಮನಿರುವಾಗಲೆಲ್ಲ ಎಣಿಸುತ್ತಲೇ ಇರುತ್ತವೆ. ಲೋಟ ಹಿಡಿಯಲು ಕೈ ಚಾಚಿದರೆ ನಡುಕ ತಗ್ಗುತ್ತದೆ, ಕೈ ಇಳಿಸಿದರೆ ಮರಳುತ್ತದೆ. ಬರಬರುತ್ತ ಹೆಜ್ಜೆ ಕಿರಿದಾಗುತ್ತದೆ, ಧ್ವನಿ ತಗ್ಗುತ್ತದೆ, ಬರೆಯುವ ಅಕ್ಷರ ಸಣ್ಣದಾಗುತ್ತದೆ, ಮುಖದಲ್ಲಿ ನಗು ಅಪರೂಪವಾಗುತ್ತದೆ. ವಯಸ್ಸಾಯಿತೆಂದು ಕೆಲವರು, ಯಾರದೋ ದೃಷ್ಟಿ ತಾಗಿತೆಂದು ಕೆಲವರು. ವೈದ್ಯರ ಬಳಿಗೆ ಹೋಗುವ ಮುನ್ನ ಎಷ್ಟೋ ಮನೆಗಳಲ್ಲಿ ತಾಯಿತ ಕಟ್ಟಿಸಿ ಆಗಿರುತ್ತದೆ.

ಗ್ರಾಮೀಣ ಅರಬರು ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು, ನಾವು ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದ ಪ್ರಸಂಗವನ್ನು ಉಸಾಮ ಬಿನ್ ಶರೀಕ್(ರ) ವರದಿ ಮಾಡಿದ್ದಾರೆ. ಚಿಕಿತ್ಸೆ ಪಡೆಯಬೇಕು, ಏಕೆಂದರೆ ಒಂದನ್ನು ಬಿಟ್ಟರೆ ಔಷಧವಿಲ್ಲದ ಯಾವ ರೋಗವನ್ನೂ ಅಲ್ಲಾಹನು ಇರಿಸಿಲ್ಲ, ಆ ಒಂದು ಮುಪ್ಪು ಎಂಬುದು ಪ್ರವಾದಿ(ಸ)ರ ಉತ್ತರದ ಸಾರ. ನಡುಕದ ಚರಿತ್ರೆಯೆಲ್ಲ ನಡೆದಿರುವುದು ಈ ಅಪವಾದದ ಗಡಿಯಲ್ಲೇ. ನಡುಗುವ ಕೈ ಮುಪ್ಪಿಗೆ ಸೇರಿದ್ದೋ, ರೋಗಕ್ಕೆ ಸೇರಿದ್ದೋ? ಮುಪ್ಪಿಗೆ ಸೇರಿದ್ದಾದರೆ ಸಹನೆಯೊಂದೇ ದಾರಿ. ರೋಗವಾದರೆ ಅದರ ಔಷಧವನ್ನು ಹುಡುಕುವ ಹೊಣೆ ಮನುಷ್ಯನ ಮೇಲೆ ಬೀಳುತ್ತದೆ.

ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದ ಮೂರನೆಯ ಸಂಪುಟದಲ್ಲಿ ನರಗಳ ರೋಗಗಳಿಗೆ ಒಂದು ಭಾಗವನ್ನೇ ಮೀಸಲಿಟ್ಟರು. ಫಾಲಿಜ್, ಲಕ್ವಾ, ಸೆಳೆತ, ಜೋಮು ಇವುಗಳ ಸಾಲಿನಲ್ಲೇ 'ರಅಶಾ' ಅಂದರೆ ನಡುಕವೂ ಬರುತ್ತದೆ. ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಲಕ್ವಾ ಎಂಬ ಶಬ್ದ ಆ ಪರಂಪರೆಯದೇ. ಅಂಗವನ್ನು ಎತ್ತಿ ಹಿಡಿಯುವ ಶಕ್ತಿಗೂ ಅಂಗದ ಭಾರಕ್ಕೂ ನಡೆಯುವ ಸೆಣಸಾಟವೇ ನಡುಕ ಎಂಬ ಗ್ರೀಕ್ ವೈದ್ಯ ಗೇಲನ್‌ನ ವಿಚಾರ ಆ ಕಾಲದ ವೈದ್ಯರಿಗೆ ಆಧಾರವಾಗಿತ್ತು. ಚಲನೆಯ ತೊಂದರೆಯನ್ನು ರೋಗಗಳ ಪಟ್ಟಿಗೆ ಸೇರಿಸಿ, ಕಾರಣ ಕೇಳಿ, ಮದ್ದು ಸೂಚಿಸಿದ್ದು ಅವರ ಹಿರಿಮೆ. ಮಿದುಳಿನೊಳಗೆ ಏನಾಗುತ್ತಿದೆ ಎಂಬುದನ್ನು ತಿಳಿಯುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ವಿವರಗಳನ್ನಿಟ್ಟುಕೊಂಡು ಒಂದು ಕಿರುಪುಸ್ತಕ ಬರೆದರು. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ ಮಾತ್ರ. ಅಂಗ ವಿಶ್ರಾಂತಿಯಲ್ಲಿರುವಾಗಲೇ ಕಾಣಿಸಿಕೊಳ್ಳುವ ನಡುಕ, ಮುಂದಕ್ಕೆ ಬಾಗಿದ ದೇಹ, ಓಟಕ್ಕೆ ತಿರುಗುವ ನಡಿಗೆ ಇವೆಲ್ಲ ಒಂದೇ ರೋಗದ ಮುಖಗಳೆಂದು ತೋರಿಸಿದರು. ಅಲ್ಲಿಗೆ ಅದು ಮುಪ್ಪಿನಿಂದ ಬೇರ್ಪಟ್ಟಿತು. 1919ರಲ್ಲಿ ಟ್ರೆಟಿಯಾಕಾಫ್ ಎಂಬ ಸಂಶೋಧಕರು ಈ ರೋಗಿಗಳ ಮಿದುಳಿನ ಬುಡದಲ್ಲಿರುವ ಕಪ್ಪು ಬಣ್ಣದ ಸಣ್ಣ ಪ್ರದೇಶವೊಂದರಲ್ಲಿ ಕೋಶಗಳು ನಾಶವಾಗಿರುವುದನ್ನು ಗುರುತಿಸಿದರು. ಆ ಪ್ರದೇಶದ ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ. ಆದರೆ ಆ ಕೋಶಗಳು ಏನು ಮಾಡುತ್ತಿದ್ದವು ಎಂಬ ಪ್ರಶ್ನೆಗೆ ಉತ್ತರದ ದಾರಿ ತೆರೆದದ್ದು ಒಂದು ಬೇರಿನಿಂದ. ಅದಕ್ಕಾಗಿ ನಾವು ದೆಹಲಿಗೆ ಬರಬೇಕು.

ಹಕೀಮ್ ಅಜ್ಮಲ್ ಖಾನರನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲುದು ಜಾಮಿಯಾ ಮಿಲ್ಲಿಯಾದ ಪ್ರಥಮ ಕುಲಪತಿಯೆಂದು, 1921ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರೆಂದು. ಅವರು ಕಟ್ಟಿದ ತಿಬ್ಬಿಯಾ ಕಾಲೇಜನ್ನು ಅದೇ ವರ್ಷ ಗಾಂಧೀಜಿ ಉದ್ಘಾಟಿಸಿದರು. ಯುನಾನಿ ಮತ್ತು ಆಯುರ್ವೇದಗಳ ಮದ್ದುಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂಬುದು ಅವರ ನಿಲುವಾಗಿತ್ತು. ಅಜ್ಜಂದಿರು ಹೇಳಿದ್ದಾರೆಂಬುದೇ ಸಾಕೆನ್ನುವ ಹಕೀಮರ ನಡುವೆ ಅದು ಸುಲಭದ ನಿಲುವಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದು ಮರಳಿದ ಸಲೀಮುಝ್ಝಮಾನ್ ಸಿದ್ದೀಕಿಯವರಿಗೆ ಈ ಕೆಲಸ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಹಕೀಮರು ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ.

ಸಿದ್ದೀಕಿಯವರು ಕೈಗೆತ್ತಿಕೊಂಡದ್ದು ಸರ್ಪಗಂಧದ ಬೇರನ್ನು. ಯುನಾನಿಯಲ್ಲಿ ಇದು 'ಅಸ್ರೋಲ್', ಬಿಹಾರದ ಬೀದಿಗಳಲ್ಲಿ 'ಪಾಗಲ್ ಕೀ ದವಾ'. ನಮ್ಮ ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಗಿಡ. ಉದ್ರೇಕಗೊಂಡವರನ್ನು ಶಾಂತಗೊಳಿಸಲು ಈ ಬೇರು ಬಹುಕಾಲದಿಂದ ಬಳಕೆಯಲ್ಲಿತ್ತು. 1931ರಲ್ಲಿ ಸಿದ್ದೀಕಿ ಸಹೋದರರು ಅದರಿಂದ ಹಲವು ಕ್ಷಾರವಸ್ತುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮರ ನೆನಪಿನಲ್ಲಿ 'ಅಜ್ಮಲೀನ್' ಎಂದು ಹೆಸರಿಟ್ಟರು. ಹೃದಯದ ಲಯದೋಷವೊಂದನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ಆ ವಸ್ತು ಇಂದಿಗೂ ಬಳಕೆಯಲ್ಲಿದೆ. ಅದೇ ವರ್ಷ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಮನೋರೋಗಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಬಂದ ಮೇಲೆ ಪಶ್ಚಿಮದ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವವಾದ ರೆಸರ್ಪೀನನ್ನು ಹೊರತೆಗೆದರು.

ಅಮೆರಿಕ ಮತ್ತು ಯುರೋಪಿನ ಮಾನಸಿಕ ಆಸ್ಪತ್ರೆಗಳಲ್ಲಿ ರೆಸರ್ಪೀನ್ ಬಳಕೆ ಹೆಚ್ಚಿದಾಗ ಅನಿರೀಕ್ಷಿತವಾದುದೊಂದು ಕಾಣಿಸಿತು. ಕೆಲವು ರೋಗಿಗಳ ಕೈ ನಡುಗತೊಡಗಿತು, ಮೈ ಬಿಗಿಯಿತು, ಮುಖ ಭಾವಶೂನ್ಯವಾಯಿತು. ಪಾರ್ಕಿನ್ಸನ್ ವಿವರಿಸಿದ ರೋಗವೇ ಔಷಧದಿಂದ ಹುಟ್ಟಿತ್ತು. ಔಷಧ ನಿಲ್ಲಿಸಿದರೆ ಅದು ಮಾಯವಾಗುತ್ತಿತ್ತು. ಇದನ್ನು ಅಡ್ಡಪರಿಣಾಮವೆಂದು ಬದಿಗಿಡಬಹುದಿತ್ತು. ಆದರೆ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಹಾಗೆ ಮಾಡಲಿಲ್ಲ. ರೆಸರ್ಪೀನ್ ಕೊಟ್ಟ ಮೊಲಗಳು ಕಿವಿ ಜೋಲಿಸಿ ಅಲುಗಾಡದೆ ಬಿದ್ದಿದ್ದವು. 1957ರಲ್ಲಿ ಅವುಗಳಿಗೆ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಕೆಲವೇ ನಿಮಿಷಗಳಲ್ಲಿ ಎದ್ದು ಓಡಾಡಿದವು. ಅವುಗಳ ಮಿದುಳಿನಲ್ಲಿ ಮರಳಿ ತುಂಬಿದ್ದು ಡೋಪಮೈನ್. ಅಲ್ಲಿಯವರೆಗೆ ಡೋಪಮೈನ್ ಎಂದರೆ ಬೇರೊಂದು ರಾಸಾಯನಿಕ ತಯಾರಾಗುವ ದಾರಿಯಲ್ಲಿನ ಒಂದು ಹಂತ ಮಾತ್ರ ಎಂದೇ ತಜ್ಞರು ತಿಳಿದಿದ್ದರು. ನರಕೋಶಗಳು ತಮ್ಮ ಸಂದೇಶವಾಹಕಗಳನ್ನು ಪುಟ್ಟ ಚೀಲಗಳಲ್ಲಿ ಕೂಡಿಡುತ್ತವೆ. ರೆಸರ್ಪೀನ್ ಆ ಚೀಲಗಳಿಗೆ ಸರಕು ತುಂಬುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಉಗ್ರಾಣ ಬರಿದಾದ ಮೇಲೆ ಸಂದೇಶ ಹೋಗುವುದು ಎಲ್ಲಿಂದ?

ವಿಯೆನ್ನಾದಲ್ಲಿ ಓಲೆ ಹೋರ್ನಿಕೀವಿಚ್ ಮೃತ ರೋಗಿಗಳ ಮಿದುಳುಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಡೋಪಮೈನ್ ಇದ್ದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುವ ಸರಳ ಪರೀಕ್ಷೆ. ಆರೋಗ್ಯವಂತರ ಮಿದುಳಿನ ಮಾದರಿ ಗುಲಾಬಿಯಾಯಿತು. ಪಾರ್ಕಿನ್ಸನ್ ರೋಗಿಗಳದರಲ್ಲಿ ಬಣ್ಣ ಮೂಡಿದ್ದು ಅತ್ಯಲ್ಪ. ಎಹ್ರಿಂಗರ್ ಅವರೊಡನೆ 1960ರಲ್ಲಿ ಅವರು ಇದನ್ನು ಪ್ರಕಟಿಸಿದರು. 1961ರ ಜುಲೈಯಲ್ಲಿ ಬಿರ್ಕ್‌ಮಾಯರ್ ಎಂಬ ವೈದ್ಯರು ವೃದ್ಧರ ಆಸ್ಪತ್ರೆಯೊಂದರಲ್ಲಿ ಎಲ್-ಡೋಪಾವನ್ನು ರೋಗಿಗಳ ರಕ್ತನಾಳಕ್ಕೆ ಚುಚ್ಚಿದರು. ಎದ್ದು ಕೂರಲಾರದವರು ಎದ್ದು ಕುಳಿತರು, ನಿಂತರು, ನಡೆದರು. ಕೆಲವು ಗಂಟೆಗಳ ನಂತರ ಮತ್ತೆ ಮೊದಲಿನಂತಾದರು. ನಿತ್ಯ ಬಳಸಬಹುದಾದ ಚಿಕಿತ್ಸೆಯಾಗಿ ಅದನ್ನು ರೂಪಿಸಿದ್ದು ನ್ಯೂಯಾರ್ಕಿನ ಜಾರ್ಜ್ ಕೋಟ್ಸಿಯಾಸ್. ಅಲ್ಪ ಪ್ರಮಾಣದಿಂದ ಆರಂಭಿಸಿ ತಾಳ್ಮೆಯಿಂದ ಏರಿಸುತ್ತ ಹೋಗುವ ವಿಧಾನವನ್ನು ಅವರು 1967ರಲ್ಲಿ ಪ್ರಕಟಿಸಿದರು. ಔಷಧವು ಮಿದುಳು ತಲುಪುವ ಮುನ್ನವೇ ದೇಹದಲ್ಲಿ ವ್ಯಯವಾಗದಂತೆ ತಡೆಯುವ ಕಾರ್ಬಿಡೋಪಾ ಅನಂತರ ಅದರ ಜೊತೆಗೂಡಿತು. ಇಂದು ನಮ್ಮ ಊರಿನ ಔಷಧ ಅಂಗಡಿಯಲ್ಲಿ ದೊರೆಯುವ ಮಾತ್ರೆ ಈ ಜೋಡಿಯೇ. 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಬಂತು. ಹೋರ್ನಿಕೀವಿಚ್ ಅವರನ್ನು ಬಿಟ್ಟದ್ದಕ್ಕೆ ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗವಾಗಿ ಅಸಮಾಧಾನ ಸೂಚಿಸಿದರು. ಅದು ನ್ಯಾಯವಾದ ಅಸಮಾಧಾನವೆಂದೇ ನನ್ನ ಅನಿಸಿಕೆ.

ಈ ಡೋಪಮೈನ್ ಮಾಡುವ ಕೆಲಸವಾದರೂ ಏನು? ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಯಾವ ಚಲನೆಗೆ ಅನುಮತಿ, ಯಾವುದಕ್ಕೆ ತಡೆ ಎಂಬುದನ್ನು ತೂಗುವ ಕಾವಲುಗಾರರಂತೆ ಅವು. ಅಲ್ಲಿಂದ ಹೊರಡುವ ಆಜ್ಞೆ ಮೂಲತಃ ತಡೆಯ ಆಜ್ಞೆಯೇ. ಅದು ಸಡಿಲಿದಾಗ ಮಾತ್ರ ಚಲನೆ ಮುಂದೆ ಸಾಗುತ್ತದೆ. ಒಳಗೆ ಎರಡು ಮಾರ್ಗಗಳು. ನೇರ ಮಾರ್ಗ ತಡೆಯನ್ನು ಸಡಿಲಿಸುತ್ತದೆ, ಸುತ್ತುಬಳಸಿನ ಮಾರ್ಗ ಬಿಗಿಗೊಳಿಸುತ್ತದೆ. ಡೋಪಮೈನ್ ಮೊದಲನೆಯದನ್ನು ಹುರಿದುಂಬಿಸಿ ಎರಡನೆಯದನ್ನು ತಗ್ಗಿಸುತ್ತದೆ. ಅದು ಬತ್ತಿದರೆ ತಡೆ ಬಿಗಿಯಾಗಿಯೇ ಉಳಿಯುತ್ತದೆ. ಮನಸ್ಸು ಏಳು ಎನ್ನುತ್ತದೆ, ದೇಹ ಏಳುವುದಿಲ್ಲ. 1990ರಲ್ಲಿ ಅಮೆರಿಕದ ಮಹ್ಲಾನ್ ಡಿಲಾಂಗ್ ಮತ್ತು ಸಂಗಡಿಗರು ಸುತ್ತುಮಾರ್ಗದ ಒಂದು ಪುಟ್ಟ ಕೇಂದ್ರವನ್ನು ನಿಷ್ಕ್ರಿಯಗೊಳಿಸಿದಾಗ ರೋಗಪೀಡಿತ ಕೋತಿಗಳು ಮರಳಿ ಚಲಿಸಿದವು. ಫ್ರಾನ್ಸಿನ ಬೆನಾಬಿಡ್ 1987ರಿಂದಲೇ ನಡುಕದ ಚಿಕಿತ್ಸೆಗೆ ಮಿದುಳಿನೊಳಗೆ ಸೂಕ್ಷ್ಮ ತಂತಿಯಿರಿಸಿ ವಿದ್ಯುತ್ ಮಿಡಿತ ಹರಿಸುತ್ತಿದ್ದರು. ಮುಂದೆ ಅವರ ತಂಡ ಡಿಲಾಂಗ್ ತೋರಿಸಿದ ಕೇಂದ್ರಕ್ಕೇ ತಂತಿಯಿಳಿಸಿತು. ಆಯ್ದ ರೋಗಿಗಳಿಗೆ ಈ ಶಸ್ತ್ರಚಿಕಿತ್ಸೆ ಇಂದು ಭಾರತದಲ್ಲೂ ಲಭ್ಯ.

ಇದರ ತದ್ವಿರುದ್ಧ ಸ್ಥಿತಿಯೂ ಇದೆ. ಹಂಟಿಂಗ್ಟನ್ ರೋಗದಲ್ಲಿ ಸುತ್ತುಮಾರ್ಗದ ಕೋಶಗಳು ಮೊದಲು ನಶಿಸುವುದರಿಂದ ತಡೆ ಸಡಿಲಗೊಂಡು ಕೈಕಾಲುಗಳು ತಾವಾಗಿಯೇ ಕುಣಿಯುತ್ತವೆ. ಅಲ್ಲಿ ಬಳಸುವ ಟೆಟ್ರಾಬೆನಜೀನ್ ಮಾಡುವುದು ರೆಸರ್ಪೀನಿನಂತಹುದೇ ಕೆಲಸ, ಡೋಪಮೈನಿನ ಉಗ್ರಾಣವನ್ನು ಕೊಂಚ ಬರಿದಾಗಿಸುವುದು. ಒಬ್ಬರಲ್ಲಿ ರೋಗವನ್ನುಂಟುಮಾಡಿದ ಕ್ರಿಯೆಯೇ ಮತ್ತೊಬ್ಬರಿಗೆ ಶಮನವಾಗುತ್ತದೆ.

ಇಷ್ಟನ್ನು ಓದಿ ಎಲ್ಲವೂ ನಮ್ಮವರದೇ ಕೊಡುಗೆ ಎಂದು ಬೀಗುವವರಿಗೆ ಒಂದು ಮಾತು. ಸಿದ್ದೀಕಿಯವರು ಬೇರ್ಪಡಿಸಿದ್ದು ರೆಸರ್ಪೀನನ್ನಲ್ಲ. ಇಬ್ನ್ ಸೀನಾರಿಗೆ ಡೋಪಮೈನ್ ಗೊತ್ತಿರಲಿಲ್ಲ. ಅಜ್ಮಲ್ ಖಾನರ ದೊಡ್ಡತನವಿರುವುದು ತಮ್ಮ ಮನೆತನದ ಮದ್ದನ್ನೂ ಪರೀಕ್ಷೆಗೊಡ್ಡಲು ಅಂಜದಿದ್ದುದರಲ್ಲಿ. ಬೇರೊಬ್ಬರು ಅದರಿಂದ ಹೆಚ್ಚಿನದನ್ನು ಕಂಡುಕೊಂಡಾರು ಎಂಬ ಭಯ ಅವರಿಗಿರಲಿಲ್ಲ. ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಇದೆಯೆಂದು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುತ್ತದೆ. ವೈದ್ಯರಿಗೆ ತಿಳಿಸದೆ ಮಾತ್ರೆಯ ಜೊತೆ ಅದರ ಪುಡಿಯನ್ನು ಬೆರೆಸುವುದು ಅಪಾಯಕರ.

ರೆಸರ್ಪೀನಿನ ಪಾಠ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಡೋಪಮೈನಿಗೆ ಅಡ್ಡಬರುವ ಔಷಧಗಳು ಇಂದೂ ಹಲವು. ಮನೋರೋಗಕ್ಕೆ ಕೊಡುವ ಹ್ಯಾಲೋಪೆರಿಡಾಲ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ವರ್ಷಗಟ್ಟಲೆ ನುಂಗುವ ಸಿನ್ನರಿಜೀನ್ ಇವೆಲ್ಲ ನಡುಕ ತರಬಲ್ಲವು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಹಿರಿಯರು ಸೇವಿಸುವ ಎಲ್ಲ ಮಾತ್ರೆಗಳನ್ನೂ, ಹಕೀಮರು ಕೊಟ್ಟ ಪುಡಿಯನ್ನೂ ಒಯ್ಯಬೇಕು. ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು.

ಇನ್ನೊಂದು ಸಂಗತಿಯನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ಡೋಪಮೈನ್ ಚಲನೆಗಷ್ಟೇ ಅಲ್ಲ, ಆಸೆ ಮತ್ತು ತೃಪ್ತಿಗೂ ಸಂಬಂಧಿಸಿದ್ದು. ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂತಹ ಮಾತ್ರೆಗಳನ್ನು ಸೇವಿಸುವ ಕೆಲವರಲ್ಲಿ ತಡೆಯಲಾಗದ ಜೂಜಿನ ಚಟ, ಮಿತಿಮೀರಿದ ಖರೀದಿ, ಅತಿಯಾದ ಕಾಮಾಸಕ್ತಿ ಕಾಣಿಸಿಕೊಳ್ಳುವುದುಂಟು. ಐದು ಹೊತ್ತು ನಮಾಝ್ ಬಿಡದ ಅಬ್ಬ ಏಕಾಏಕಿ ಹೀಗಾದರೆ ಮನೆಯವರು ಅದನ್ನು ಪಾಪವೆಂದು ಮುಚ್ಚಿಡುತ್ತಾರೆ, ಇಲ್ಲವೇ ಜಿನ್ನ್ ಹಿಡಿದಿದೆ ಎನ್ನುತ್ತಾರೆ. ವೈದ್ಯರಿಗೆ ಹೇಳಿದರೆ ಅವರು ಮಾತ್ರೆ ತಗ್ಗಿಸುತ್ತಾರೆ ಅಥವಾ ಬದಲಿಸುತ್ತಾರೆ, ಹೆಚ್ಚಿನವರಲ್ಲಿ ಚಟ ತಗ್ಗುತ್ತದೆ. ಅದೇ ರೀತಿ, ಮೊಮ್ಮಗುವನ್ನು ಕಂಡೂ ನಗದ ಮುಖ ಪ್ರೀತಿಯಿಲ್ಲದ ಮುಖವಲ್ಲ. ನಗುವನ್ನು ಮೂಡಿಸುವ ಸ್ನಾಯುಗಳಿಗೆ ಅನುಮತಿ ಸಿಗುತ್ತಿಲ್ಲ, ಅಷ್ಟೇ.

ರಮಝಾನ್ ಸಮೀಪಿಸಿದಾಗ ಈ ಹಿರಿಯರು ಮಾತ್ರೆ ಬಿಟ್ಟು ಉಪವಾಸ ಹಿಡಿಯುತ್ತೇನೆಂದು ಹಟ ಹಿಡಿಯುವುದು ಸಾಮಾನ್ಯ. ಎಲ್-ಡೋಪಾ ರಕ್ತದಲ್ಲಿ ಉಳಿಯುವುದು ಅಲ್ಪಕಾಲ, ಆದ್ದರಿಂದಲೇ ದಿನಕ್ಕೆ ಹಲವು ಬಾರಿ, ನಿಗದಿತ ಹೊತ್ತಿಗೆ ಕೊಡುತ್ತಾರೆ. ಥಟ್ಟನೆ ನಿಲ್ಲಿಸಿದರೆ ತೀವ್ರ ಜ್ವರ ಮತ್ತು ಬಿಗಿತ ಬಂದು ಪ್ರಾಣಾಪಾಯವೂ ಆಗಬಹುದು. ರೋಗಿಗೆ ಕುರ್‌ಆನ್ ಸ್ಪಷ್ಟ ರಿಯಾಯಿತಿ ಕೊಟ್ಟಿದೆ. ಚೇತರಿಕೆಯ ನಿರೀಕ್ಷೆಯಿಲ್ಲದವರಿಗೆ ಫಿದ್ಯದ ದಾರಿಯನ್ನು ವಿದ್ವಾಂಸರು ವಿವರಿಸಿದ್ದಾರೆ. ಮಾಂಸ, ಬೇಳೆಗಳಲ್ಲಿನ ಪ್ರೋಟೀನು ಈ ಔಷಧದೊಡನೆ ಸ್ಪರ್ಧಿಸುವುದರಿಂದ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವುದು ವಾಡಿಕೆ. ಮದುವೆಯ ಬಿರಿಯಾನಿ ಉಂಡ ಮಧ್ಯಾಹ್ನ ಮಾತ್ರೆ ನಾಟಲಿಲ್ಲವೆಂಬ ದೂರಿಗೆ ಇದೇ ಕಾರಣವಿರಬಹುದು.

ನಿಂತು ನಮಾಝ್ ಮಾಡಲಾಗದವರು ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಾಡಬೇಕೆಂದು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ) ಹೇಳಿಕೊಟ್ಟರು. ಮಸೀದಿಗೆ ಬರಬಲ್ಲವರನ್ನು ಬರಲು ಬಿಡೋಣ. ಈ ರೋಗಿಗಳ ಹೆಜ್ಜೆ ಬಾಗಿಲಿನಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಡುವುದುಂಟು. ಆಗ ನೆಲದ ಮೇಲೆ ಅಡ್ಡಗೆರೆಗಳಿದ್ದರೆ, ಒಂದೊಂದನ್ನೇ ದಾಟುವ ಗುರಿಯಿಂದ ಹಲವರು ಮತ್ತೆ ನಡೆಯಬಲ್ಲರು. ತಾನಾಗಿ ನಡೆಯುವ ದಾರಿ ಕೆಟ್ಟಿದ್ದರೂ, ಕಣ್ಣಿನಿಂದ ಕಂಡು ಹೆಜ್ಜೆಯಿಡುವ ದಾರಿ ಮಿದುಳಿನಲ್ಲಿ ಬೇರೆಯೇ ಇದೆ. ನಮ್ಮ ಮಸೀದಿಗಳ ಹಾಸುಗಳಲ್ಲಿ ಸಫ್‌ಗಳ ಗೆರೆಗಳು ಅಡ್ಡಡ್ಡವಾಗಿಯೇ ಇರುತ್ತವೆ. ಇಕಾಮತ್ ಆಯಿತೆಂದು ಅವರನ್ನು ಹಿಂದಿನಿಂದ ತಳ್ಳದೆ, ಮೊದಲ ಗೆರೆಯನ್ನು ಬೆರಳಿನಿಂದ ತೋರಿಸಿ ಕಾಯಬಹುದು.